ಮೂವತ್ತೇಳನೇ ಸಾಲು

ಕೂತಲ್ಲೇ ಹನ್ನೊಂದು ಸಾವಿರ ಹೆಜ್ಜೆ ನಡೆದಿದ್ದಾಳೆ
ಬೆಟಗೇರಿಯ ಬನಶಂಕ್ರವ್ವ ಐಲಿ,
ವಯಸ್ಸು ಐವತ್ತೆಂಟು, ಸಕ್ಕರೆ ಕಾಯಿಲೆಗೆ ಒಂಬತ್ತು ವರ್ಷ.
ಕೈಪಟ್ಟಿ ಹೇಳುತ್ತದೆ. ಸರ್ವರು ಒಪ್ಪುತ್ತದೆ.
ಫೋನಿನ ಜಿಪಿಎಸ್ ಮಾತ್ರ
ಹೊಸ್ತಿಲು ದಾಟಿಲ್ಲ ಅನ್ನುತ್ತದೆ.

"ಮ್ಯಾಡಮ್, ಈ ಸಾಲು ತಗದಬಿಡ್ಲ್ಯಾ?" ಅಂದಳು ನಾಜಿಯಾ,
ಮೂರನೇ ವರ್ಷದ ಪಿಎಚ್‌ಡಿ, ಅಣ್ಣಿಗೇರಿ ಹುಡುಗಿ,
ನಲವತ್ತೆರಡು ಹೆಂಗಸರ ಮಣಿಕಟ್ಟುಗಳನ್ನು
ಒಂದು ಪರದೆಯ ಮೇಲೆ ಹರವಿಕೊಂಡು.
"ಮೂವತ್ತೇಳನೇದು ಒಂದ ಹೊರಗ ನಿಂತೈತಿ.
ತಗದ್ರ ಗ್ರಾಫ್ ಚಂದ ಕುಂದ್ರತೈತಿ."

ಕೂರುತ್ತದೆ, ನನಗೆ ಗೊತ್ತು.
ಇಪ್ಪತ್ತೊಂದು ವರ್ಷದ ಹಿಂದೆ ನಾನೂ ಒಂಬತ್ತು ಮಂದಿಯನ್ನು
ಒಂದೇ ಗುಂಡಿ ಒತ್ತಿ ಹೊರಗೆ ಹಾಕಿದ್ದೆ.
ಪರೀಕ್ಷಕರು ಚಹಾ ಕುಡಿದರು, ಎದ್ದು ಕೈ ಕುಲುಕಿದರು.
ಆ ಒಂಬತ್ತರಲ್ಲಿ ಒಬ್ಬರ ಹೆಸರೂ ನೆನಪಿಲ್ಲ;
ಸಂಖ್ಯೆ ನೆನಪಿದೆ.

ಇದನ್ನು ಅವಳಿಗೆ ಹೇಳಲಿಲ್ಲ.
"ನಾಳೆ ಮುಂಜಾನೆ ಗದಗಿನ ಪ್ಯಾಸೆಂಜರ್ ಹಿಡಿ,
ಲ್ಯಾಪ್‌ಟಾಪ್ ಇಲ್ಲೇ ಇರಲಿ," ಅಂದೆ.
ಮುಖ ಸಣ್ಣ ಮಾಡಿಕೊಂಡು ಹೋದಳು.

ಮೂರು ದಿನ ಬಿಟ್ಟು ಬಂದಾಗ
ಕೂದಲ ತುಂಬ ನೂಲಿನ ಧೂಳು.
ಕುಣಿಮಗ್ಗವಂತೆ. ನೆಲದೊಳಗೆ ಕಾಲು ಇಳಿಬಿಟ್ಟು ಕೂರುವುದಂತೆ,
ಕೆಳಗೆ ಕತ್ತಲಲ್ಲಿ ಎರಡು ಪಾದ ತುಳಿಯುತ್ತಲೇ ಇರುತ್ತವಂತೆ.
ಬಲಗೈ ಹಗ್ಗ ಜಗ್ಗಿದಾಗೊಮ್ಮೆ ಲಾಳಿ ಓಡುತ್ತದೆ,
ಪಟ್ಟಿ ಅದನ್ನು ಹೆಜ್ಜೆ ಎಂದು ಬರೆದುಕೊಳ್ಳುತ್ತದೆ.
"ಪಕ್ಕದಾಗ ಕುಂತು ಎಣಿಸೀನ್ರಿ.
ಒಂದು ಗೇಣಿಗೆ ಐನೂರು ಸಲ.
ಹನ್ನೊಂದು ಸಾವಿರ ಸುಳ್ಳಲ್ಲ ಮ್ಯಾಡಮ್,
ಇಪ್ಪತ್ತೆರಡು ಗೇಣು ಸೀರಿ ಅದು."

ಒಪ್ಪಿಗೆ ಪತ್ರಕ್ಕೆ ಮೂರು ಕಡೆ ಸಹಿ ಮಾಡಿದ್ದ ಬನಶಂಕ್ರವ್ವ
ಸಂಘದ ಸಾಲಕ್ಕೆ ಅಂದುಕೊಂಡಿದ್ದಳಂತೆ.
ಕಂಡಿಕೆ ಸುತ್ತುವವಳ ಎದುರು ಕೂತು
ನಾಜಿಯಾ ಅದನ್ನು ಮೊದಲಿಂದ ಓದಿದಳಂತೆ, ತನಗೇ ಕೇಳಿಸುವ ಹಾಗೆ.
ಎಲ್ಲ ಕೇಳಿ ಆಕೆ ಕೇಳಿದ್ದು ಒಂದೇ:
"ಯವ್ವಾ, ಇದರಾಗ ನನ್ನ ಮೊಣಕಾಲ ಬ್ಯಾನಿ ಕಾಣಸ್ತೈತೇನ?"
ಇಲ್ಲ ಅಂದಿದ್ದಕ್ಕೆ
ಪಟ್ಟಿ ಬಿಚ್ಚಿ ಕೊಟ್ಟಿದ್ದಾಳೆ,
ಸೀರೆಯ ದಡಿಯ ಚೂರಿನಲ್ಲಿ ಸುತ್ತಿ,
ಸಾಬೂನು ಹಚ್ಚಿ ಚೊಕ್ಕ ತೊಳೆದು.
ಗಾಜಿನೊಳಗೆ ಒಂದು ಹನಿ ನೀರು ಆಚೀಚೆ ಓಡಾಡುತ್ತಿದೆ.
ಹದಿನಾಲ್ಕು ಸಾವಿರ ರೂಪಾಯಿ. ಲೆಕ್ಕಪತ್ರದವರಿಗೆ ಏನು ಬರೆಯುವುದೋ.

ಈಗ ಅರ್ಧವಾರ್ಷಿಕ ಪ್ರಗತಿ ವರದಿ ನನ್ನ ಮೇಜಿನ ಮೇಲಿದೆ.
ಪ್ರಕಟವಾದ ಲೇಖನ: ಇಲ್ಲ.
ಹಾಜರಾದ ಸಮ್ಮೇಳನ: ಇಲ್ಲ.
ಅಭ್ಯರ್ಥಿಯ ಕೋರಿಕೆ: ಇನ್ನೂ ಎಂಟು ತಿಂಗಳು,
ಕಾಲಿಗೆ ಕಟ್ಟುವ ಪಟ್ಟಿ ಹನ್ನೆರಡು,
ಕೋಷ್ಟಕದಲ್ಲಿ ಹೊಸದೊಂದು ಕಾಲಂ, ಗೇಣು.
ಮಾರ್ಗದರ್ಶಕರ ಅಭಿಪ್ರಾಯಕ್ಕೆ ಬಿಟ್ಟ ಜಾಗ ಎರಡು ಬೆರಳಗಲ.
"ತೃಪ್ತಿಕರ" ಎಂದು ಬರೆದೆ. ಅದಕ್ಕಿಂತ ಹೆಚ್ಚು ಹಿಡಿಸುವುದಿಲ್ಲ.

ವಿದ್ಯಾನಗರದಲ್ಲಿ ಕರೆಂಟು ಹೋಗಿತ್ತು.
ಕಿಟಕಿಯ ಬೆಳಕಿಗೆ ಹಿಡಿದು
ನನ್ನ ಹಳೆಯ ಪ್ರಬಂಧ ತೆರೆದೆ, ಪುಟ ನೂರಾ ನಾಲ್ಕು.
ಅಂಚೆಲ್ಲ ಹಳದಿಯಾಗಿದೆ.
ಗ್ರಾಫು ಈಗಲೂ ಚಂದ ಕೂತಿದೆ.