ಬಿದ್ದ ಜಿಗಿತ

ಟ್ರಾಯ್ ಊರಿನ ಹಳೆ ಕಾಲರ್ ಕಾರ್ಖಾನೆಯ
ಎರಡನೇ ಮಹಡಿಯಲ್ಲೀಗ ನಮ್ಮ ಪುಟ್ಟ ಮ್ಯೂಸಿಯಂ.
ಗಂಜಿಯ ವಾಸನೆ ಗೋಡೆ ಬಿಟ್ಟು ಹೋಗಿಲ್ಲ,
ಹೋಗಿದ್ದರೂ ನನ್ನ ಮೂಗು ಬಿಡುತ್ತಿಲ್ಲ.

ವಿನಿಫ್ರೆಡ್ ಡೋಲನ್, ಇಸ್ತ್ರಿ ವಿಭಾಗ, ೧೯೩೬.
ಚಿತ್ರದಲ್ಲಿ ಅವಳು ಅಡ್ಡಕೋಲಿಗೂ ಆಕಾಶಕ್ಕೂ ನಡುವೆ.
ಬಲಗಾಲು ದಾಟಿದೆ, ಎಡಗಾಲಿಗೆ ಇನ್ನೂ ಅನುಮಾನ.
ಕೆಳಗೆ ಮರದಪುಡಿಯ ಗುಂಡಿ.
ಹಿಂದೆ ಟೋಪಿ ಹಾಕಿದ ಹನ್ನೊಂದು ಗಂಡಸರು,
ಅದರಲ್ಲೊಬ್ಬ ಆಕಳಿಸುತ್ತಿದ್ದಾನೆ.

ಹಕ್ಕು ಯಾರದೆಂದು ಹುಡುಕಿದೆ.
ತೆಗೆದವನು ಸತ್ತ. ಪತ್ರಿಕೆ ಮುಚ್ಚಿತು.
ಮುಚ್ಚಿದ್ದನ್ನು ಕೊಂಡವರನ್ನು ಮತ್ತೊಬ್ಬರು ಕೊಂಡರು.
ಈಗವಳು ಚಿಕಾಗೊದ ತಣ್ಣನೆ ಉಗ್ರಾಣದಲ್ಲೊಂದು ಸಂಖ್ಯೆ.
ಗೋಡೆಗೆ ಹಾಕಲು ವರ್ಷಕ್ಕೆ ನಾನೂರ ಎಂಬತ್ತು ಡಾಲರ್.
ವಾರಕ್ಕೆ ಹದಿನಾಲ್ಕಕ್ಕೆ ಊರವರ ಕತ್ತು ನೆಟ್ಟಗಿಟ್ಟವಳು!

ಅವರಿಗೆ ಕಾಗದ ಬರೆಯುವ ಮೊದಲು
ಕನ್ನಡದಲ್ಲಿ ಗೀಚಿಕೊಳ್ಳುತ್ತ ಕೂತಿದ್ದೆ;
ಹಕ್ಕು ಎಂದು ಬರೆಯಹೋಗಿ ಕೈತಪ್ಪಿ ಹಕ್ಕಿ ಎಂದಾಯಿತು.
ಕೊಂಬು ಮುರಿದು ಗುಡಿಸು ಕೊಟ್ಟರೆ ಸಾಕು.
ತಿದ್ದಲಿಲ್ಲ.

ವಕೀಲೆ ಗ್ರೀನ್‌ವಾಲ್ಟ್ ಫೀಸಿಲ್ಲದೆ ಬಂದಳು, ಎರಡು ಕಾಫಿ ಕುಡಿದಳು.
"ನ್ಯಾಯವಾದ ಬಳಕೆ ಅಂತೊಂದು ದಾರಿಯಿದೆ.
ರಸ್ತೆಯಲ್ಲ, ಕಾಲುಹಾದಿ.
ಯಾಕೆ ಬೇಕು, ಎಷ್ಟು ಬೇಕು, ಅವರ ವ್ಯಾಪಾರಕ್ಕೆ ಪೆಟ್ಟು ಬಿದ್ದೀತೇ..."
ನಾಲ್ಕನೆಯದೇನೋ ಹೇಳಿದಳು, ನಾನು ಆ ಎಡಗಾಲನ್ನೇ ನೋಡುತ್ತಿದ್ದೆ.
"ಚಿಕ್ಕದು ಮಾಡಿ. ಚಿತ್ರ ಹೇಳದ್ದನ್ನು ಪಕ್ಕದಲ್ಲಿ ನೀವು ಹೇಳಿ.
ಬರೇ ಅಂದಕ್ಕೆ ತೂಗುಹಾಕಬೇಡಿ."
ಗೆಲ್ಲುತ್ತೇವಾ?
"ಕೋಲು ಅಲ್ಲಾಡಲಿ, ಬೀಳದಿದ್ದರಾಯಿತು."

ಎಷ್ಟು ಸಾಕು? ಕತ್ತರಿಸುತ್ತ ಕೂತೆ.
ಆಕಾಶ ತೆಗೆದೆ. ಟೋಪಿಗಳನ್ನು ತೆಗೆದೆ,
ಆಕಳಿಸುವವನನ್ನು ಮಾತ್ರ ತೆಗೆಯಲಾಗಲಿಲ್ಲ.
ಗುಂಡಿ ತೆಗೆದ ಕೂಡಲೆ ಹೊಟ್ಟೆಯೊಳಗೇನೋ ಕಳಚಿತು:
ಇಳಿಯಲು ಜಾಗವಿಲ್ಲ ಅವಳಿಗೆ.
ಗುಂಡಿಯನ್ನು ತಂದು ಮತ್ತೆ ಅವಳ ಕೆಳಗಿಟ್ಟೆ.

ಮಗಳು ರೋಸಾನ್ ಬಂದಳು, ಎಂಬತ್ತೊಂದು ವಯಸ್ಸು,
ಮೆಟ್ಟಿಲು ಹತ್ತಿದ ಉಸಿರಿನ್ನೂ ಹಿಂದೆಯೇ ಇತ್ತು.
ನಮ್ಮ ಮನೆಯಲ್ಲಿ ಈ ಚಿತ್ರ ಇರಲಿಲ್ಲ, ಅಂದಳು.
ಪ್ರತಿಗೆ ಐವತ್ತು ಸೆಂಟು ಕೇಳಿದರಂತೆ ಪತ್ರಿಕೆಯವರು.
'ನಾನು ಅಲ್ಲೇ ಇದ್ದೆನಲ್ಲ, ನನಗೆ ಯಾಕೆ?' ಎಂದು ಬಂದಳಂತೆ ಅಮ್ಮ.
ಆಮೇಲೆ ಕನ್ನಡಕ ಏರಿಸಿ, ಬೆರಳನ್ನು ಗಾಜಿಗೆ ತಾಗಿಸದೆ,
"ಇದಾ? ಇದು ದಾಟಿದ್ದಲ್ಲ.
ಹಿಮ್ಮಡಿ ತಾಗಿ ಕೋಲು ಬಿತ್ತು.
ಪತ್ರಿಕೆ ದಾಟಿದಳು ಅಂತ ಅಚ್ಚು ಹಾಕಿತು,
ಅಮ್ಮ ಸಾಯುವ ತನಕ ನಕ್ಕಳು."

ಆ ಕ್ಷಣ ಚಿಕಾಗೊದವರದ್ದೇ ಇರಲಿ.
ಅದರ ಮುಂದಿನ ಕ್ಷಣಕ್ಕೆ
ಯಾವ ಉಗ್ರಾಣದಲ್ಲೂ ಸಂಖ್ಯೆ ಇಲ್ಲ.
ಬರೆದೆ: ಕೋಲು ಬಿತ್ತು. ಮರುದಿನ ಬೆಳಗ್ಗೆ ಏಳಕ್ಕೆ
ವಿನಿಫ್ರೆಡ್ ಇಸ್ತ್ರಿ ಮೇಜಿನ ಮುಂದಿದ್ದಳು.

ಅಂಗೈಯಗಲದ ಚಿತ್ರ. ಬಗ್ಗಿಯೇ ನೋಡಬೇಕು.
ಶನಿವಾರ ಒಬ್ಬ ಹುಡುಗ ಬಗ್ಗಿದ,
ಆಕಳಿಸುವವನನ್ನು ತೋರಿಸಿ
ತಾನೂ ಆಕಳಿಸಿದ.
ಚಿಕಾಗೊದಿಂದ ಇನ್ನೂ ಕಾಗದ ಬಂದಿಲ್ಲ.