ಮೊದಲು ಗಾಳಿ ಇಳಿಸು

ಆಸ್ಟಿನ್ ದಾಟಿ ಯುರೇಕಾ ಕಡೆಗೆ ಹೊರಟರೆ
ನಮ್ಮ ಈ ಗಾಲಿಮನೆಯಲ್ಲಿ
ಮೊದಲು ಏಳುವುದು ಚಮಚೆಗಳು.
ಡ್ರಾಯರಿನ ಕತ್ತಲಲ್ಲಿ ಒಂದರ ಮೇಲೊಂದು ಬಿದ್ದು
ಹಿಡಿಶಾಪ ಹಾಕುತ್ತವೆ.
ಆಮೇಲೆ ಬಾಣಲೆ, ಆಮೇಲೆ ಓವನ್ನಿನ ಕಂಬಿ,
ಆಮೇಲೆ ಚಿಲಕವಿದ್ದೂ ನಿಲ್ಲದ ಬಚ್ಚಲ ಬಾಗಿಲು.
ಸೇತುವೆಯ ಸಂದು ಬಂತೋ
ನನ್ನ ಹಲ್ಲೂ ಸೇರಿ ಮೇಳ ಪೂರ್ತಿ.

ಐಲೀನಳಿಗೆ ನಾನು ದಾರಿಯಲ್ಲಿ ಬರೆದ ಕಾರ್ಡು ನೋಡಬೇಕಿತ್ತು.
ಒಂದೇ ಸಾಲು ಗುಡ್ಡ ಹತ್ತಿ, ಕಣಿವೆಗಿಳಿದು,
ಅಂಚೆಚೀಟಿಯನ್ನು ತುಳಿದು
ಅಂಚಿನಾಚೆ ಹಾರಿಕೊಂಡಿತ್ತು.
ಅವಳು ಬರೆದಳು: ಲವಾನ್, ಕೈನಡುಕ ಯಾವಾಗಿನಿಂದ?
ಡಾಕ್ಟರಿಗೆ ತೋರಿಸಿದೆಯಾ?

ನಡುಕ ನನ್ನದಲ್ಲ, ಮಾರಾಯ್ತಿ.

ಡರ್ವರ್ಡ್ ಕೊಳ್ಳುವ ಜಾತಿ.
ಒಂದು ಚಳಿಗಾಲ ನಾಲ್ಕು ಹೊಸ ಶಾಕ್ ಅಬ್ಸಾರ್ಬರ್,
ಮುಂದಿನದಕ್ಕೆ ಸ್ಪ್ರಿಂಗಿನ ನಡುವೆ ಗಾಳಿಚೀಲ,
ಅದರ ಮುಂದಿನದಕ್ಕೆ ತೇಲುವ ಸೀಟು,
ಅದೂ ತನ್ನೊಬ್ಬನಿಗೆ.
ಅವನು ದೊರೆಯ ಹಾಗೆ ತೂಗುತ್ತಾ ಹೋದ,
ನಾನು ಪಕ್ಕದಲ್ಲಿ
ಜರಡಿಯೊಳಗಿನ ಕಾಳು.

ಯುರೇಕಾದ ತಗಡಿನ ಶೆಡ್ಡಿನಲ್ಲಿ ಸಿಕ್ಕಿದ ಗನಿಷ್ ಎಚೆವೆರಿ.
ಅಜ್ಜ ಬಾಸ್ಕ್ ಬೆಟ್ಟಗಳಿಂದ ಕುರಿ ಕಾಯಲು ಬಂದವನಂತೆ,
ಮೊಮ್ಮಗ ಟೈರಿನ ಮೈ ತಡವುವುದೂ ಕುರಿಯ ಮೈ ತಡವಿದಂತೆಯೇ,
ಕಣ್ಣು ಬೇರೆಲ್ಲೋ, ಬೆರಳಲ್ಲಿ ಲೆಕ್ಕ.
ಎಷ್ಟು ತುಂಬಿಸಿದ್ದೀರಿ?
ನೂರಹತ್ತು, ಅಂದ ಡರ್ವರ್ಡ್ ಎದೆಯುಬ್ಬಿಸಿ,
ಟೈರಿನ ಮೇಲೇ ಬರೆದಿದೆಯಲ್ಲ.
ಗನಿಷ್ ನಗಲಿಲ್ಲ.
ಸ್ವಾಮಿ, ಅದು ಹೊರಬಲ್ಲ ಕೊನೆಯ ಮಾತು.
ದಿನಾ ಹೊರಿಸು ಅಂತ ಬರೆದದ್ದಲ್ಲ.
ಕಲ್ಲಿನ ಮೇಲೆ ಕೂತು ಊರೂರು ಸುತ್ತಿದ್ದೀರಿ,
ಮೊದಲು ತೂಗಿಸಿ ಬನ್ನಿ.

ಹುಲ್ಲಿನ ಲಾರಿ ತೂಗುವ ಕಟ್ಟೆಗೆ
ಮೂತಿ ಹತ್ತಿಸಿದೆವು, ಬೆನ್ನು ಹತ್ತಿಸಿದೆವು,
ಒಂದು ಮಗ್ಗುಲು ಒಳಗೆ, ಒಂದು ಮಗ್ಗುಲು ಹೊರಗೆ.
ಮುದಿ ಹಸುವಿಗೆ ಸಂತೆಯಲ್ಲಿ ಪರೀಕ್ಷೆಯಾದಂತೆ.
ಎಡ ಹಿಂಗಾಲಿಗೆ ಆರುನೂರು ಪೌಂಡು ಹೆಚ್ಚು!
ಬಾಗಿಲು ತೆಗೆದು ಬಗ್ಗಿ ನೋಡಿದರೆ
ಅವನ ಮೂರು ಪೆಟ್ಟಿಗೆ ಸಲಕರಣೆ,
ಬಿಚ್ಚಿ ಬಿಸಾಡಲು ಮನಸ್ಸಾಗದ ಹಳೆ ಶಾಕುಗಳು ನಾಲ್ಕೂ,
ಜೊತೆಗೆ, ಸುಳ್ಳೇಕೆ,
ನನ್ನ ಎರಕದ ಕಬ್ಬಿಣದ ಏಳು ಬಾಣಲೆ.
ಇಬ್ಬರೂ ಸ್ವಲ್ಪ ಹೊತ್ತು
ಮೋಡ ನೋಡಿದೆವು.

ಹಳೆ ಶಾಕು ಶೆಡ್ಡಿನಲ್ಲೇ ಉಳಿದವು.
ಪೆಟ್ಟಿಗೆಗಳು ಬಲಕ್ಕೆ, ಬಾಣಲೆ ಮುಂದಕ್ಕೆ
(ಎರಡನ್ನು ಗನಿಷನ ಹೆಂಡತಿಗೆ ಕೊಟ್ಟೆ).
ಬೆಳಗ್ಗೆ, ಬಿಸಿಲು ಟೈರು ಮುಟ್ಟುವ ಮೊದಲು,
ಪಟ್ಟಿಯ ಮೇಲೆ ಬೆರಳಿಟ್ಟು ಅವನು ಓದಿದ: ಎಂಬತ್ತೈದು.
ಭಾರದ ಮಗ್ಗುಲಿಗೆ ಎಷ್ಟೋ
ಹಗುರದ ಮಗ್ಗುಲಿಗೂ ಅಷ್ಟೇ,
ಒಂದೇ ಅಚ್ಚಿನ ಜೋಡಿಗೆ ಭೇದ ಮಾಡಬಾರದು.
ಆಮೇಲೆ ಪಿನ್ನು ಒತ್ತಿದ.
ಸುಯ್ಯೆಂದಿತು ಗಾಳಿ, ಬಹಳ ಹೊತ್ತು,
ಎಷ್ಟೋ ವರ್ಷದಿಂದ ಬಿಗಿಹಿಡಿದವರು
ಕೊನೆಗೆ ಕುರ್ಚಿ ಸಿಕ್ಕಿ ಕೂತಂತೆ.

ಕೊಟ್ಟದ್ದು ಇಪ್ಪತ್ತು ಡಾಲರು.
ಡರ್ವರ್ಡನ ಮುಖ ನೋಡಲಾಗಲಿಲ್ಲ.

ಈಗ ಈಲಿಯ ದಾರಿ.
ಗುಂಡಿ ಬರುತ್ತದೆ, ಬಂದದ್ದು ತಿಳಿಯುತ್ತದೆ,
ಆದರೆ ಬಾಗಿಲು ಬಡಿದೇ ಒಳಗೆ ಬರುತ್ತದೆ.
ಸೇಜ್ ಪೊದೆಗಳ ಬೂದು ಬಯಲು
ಕಿಟಕಿಯಲ್ಲಿ ಕುಣಿಯದೆ ನಿಂತಿದೆ.
ಕಾರ್ಡು ತೆಗೆದೆ. ಪ್ರಿಯ ಐಲೀನ್,
ಅಕ್ಷರ ನೋಡು.

ಆಗ ಕೇಳಿಸಿತು
ಎಲ್ಲಿಂದಲೋ ಒಂದು ಸಣ್ಣ ಗುಂಯ್.
ಫ್ಯಾನೇ? ಬೇರಿಂಗೇ? ತಲೆ ವಾಲಿಸಿ ಹುಡುಕಿದೆ.
ಡರ್ವರ್ಡ್.
ಮೂಗಿನಲ್ಲೇ, ತಾಳವಿಲ್ಲದೆ, ತುದಿಮೊದಲಿಲ್ಲದೆ
ಏನೋ ಗುನುಗುತ್ತಿದ್ದಾನೆ.
ಯಾವಾಗಿನಿಂದ? ಎಂದೆ.
ಏನು ಯಾವಾಗಿನಿಂದ? ಎಂದ.

ಹನ್ನೊಂದು ವರ್ಷ, ಒಂದು ಲಕ್ಷ ಮೈಲಿ
ಆ ಚಮಚೆಗಳ ಕೆಳಗೆ ಇದೂ ಇತ್ತು.
ಶ್ರುತಿ ಒಂದಿಷ್ಟೂ ಇಲ್ಲ.
ಗನಿಷನ ಪಟ್ಟಿಯಲ್ಲಿ ಇದಕ್ಕೇನಾದರೂ ಇದ್ದೀತು,
ಹಿಂತಿರುಗಿದರೆ ಎಪ್ಪತ್ತು ಮೈಲಿ.

ನೇರ ಹೋಗು, ಎಂದೆ.