ಮಾರ್ಚ್ ಒಳಗೆ ಮುಗಿಯಬೇಕಿದ್ದ ತನಿಖೆ

ಕೊಲೆ ನಡೆದ ಜಾಗವೇ ಕರಗಿಹೋಗುತ್ತದೆ,
ಬೇಗ ಬರೆದುಕೋ ಅಂದರು ಸಾಹೇಬರು.
ಬರೆದುಕೊಂಡೆ.

ಮೂಹು ದ್ವೀಪಕ್ಕೂ ಆಚೆ ದಡಕ್ಕೂ ನಡುವೆ
ಹೆಪ್ಪುಗಟ್ಟಿದ ಸಮುದ್ರ. ಅದರ ಮೇಲೆ ಗಾಡಿದಾರಿ,
ದಾರಿ ತಪ್ಪದಿರಲೆಂದು ನೆಟ್ಟ ಜುನಿಪರ್ ಟೊಂಗೆಗಳು.
ಮೂವತ್ತೊಂದನೆಯ ಟೊಂಗೆಯಿಂದ ಎಡಕ್ಕೆ ನಲವತ್ತು ಹೆಜ್ಜೆ:
ಒಂದು ಮೇಜು. ಎರಡು ಕುರ್ಚಿ.
ಎರಡು ಬಟ್ಟಲು ಮೀನಿನ ಸಾರು,
ಒಂದು ಕಲ್ಲಾಗಿತ್ತು, ಇನ್ನೊಂದು
ನೆಕ್ಕಿಟ್ಟಷ್ಟು ಚೊಕ್ಕ.
ಕಲ್ಲಾದ ಬಟ್ಟಲಿನ ಮುಂದೆ ಪಿಯಾನೋ ಶ್ರುತಿಗಾರ
ಗೊಟ್‌ಹಾರ್ಡ್ ವೀಲಾಂಡ್, ಕೊರಳತನಕ ಗುಂಡಿ ಹಾಕಿಕೊಂಡು,
ಎದುರಿನವರು ಮಾತು ಮುಗಿಸಲೆಂದು ಕಾಯುವವನ ಹಾಗೆ.

ಹೆಜ್ಜೆಗುರುತು ಒಬ್ಬನದೇ. ಅವನದೇ.
ಹೋಗಿದ್ದವು. ಬಂದಿರಲಿಲ್ಲ.
ಮೇಜು ಹೇಗೆ ಹೋಯಿತು?
ಅದಕ್ಕೂ ನಾಲ್ಕು ಕಾಲಿವೆಯಲ್ಲ ಎಂದ ಪೇದೆ ಪ್ರೀದು.
ಯಾರೂ ನಗಲಿಲ್ಲ.

ಹಾಪ್ಸಾಲುವಿನಿಂದ ಡಾಕ್ಟರು ಬಂದರು, ಕೊಯ್ದರು,
ಕೈ ಒರೆಸಿಕೊಳ್ಳುತ್ತ ಕಿಟಕಿಗೆ ಹೇಳಿದರು:
ಮುಳುಗಿ ಸತ್ತಿದ್ದಾನೆ.
ಬಟ್ಟೆಯಲ್ಲಿ ಹನಿ ತೇವವಿಲ್ಲ.
ಶ್ವಾಸಕೋಶದ ನೀರನ್ನು ಬೆರಳಿನಿಂದ ನಾಲಿಗೆಗೆ ಮುಟ್ಟಿಸಿದರು
(ಇದನ್ನು ನಾನು ಬರೆಯಲಿಲ್ಲ):
ಉಪ್ಪಿಲ್ಲ.
ಅಷ್ಟೊಂದು ಸಮುದ್ರದ ಮೇಲೆ ಕೂತು
ಸಿಹಿನೀರಿನಲ್ಲಿ ಸತ್ತವನನ್ನು
ಯಾವ ಕಾಲಮ್ಮಿನಲ್ಲಿ ತುಂಬಲಿ?

ಊರಿಗೆ ಹನ್ನೊಂದು ಬಾವಿ.
ಹತ್ತರ ಮಂಜನ್ನು ದಿನಾ ಬೆಳಿಗ್ಗೆ ಒಡೆಯುತ್ತಾರೆ.
ಹನ್ನೊಂದನೆಯದು ರೀಸ್ತೆ ಮುದುಕಿಯ ಹಿತ್ತಿಲದು,
ಎರಡು ವರ್ಷದಿಂದ ಯಾರೂ ಸೇದದ ಬಾವಿ.
ಆ ವಾರ ಅದನ್ನೂ ಕೊಡಲಿಯಿಂದ ಒಡೆದಿದ್ದರು.
ಎರಡು ವರ್ಷದಿಂದ ಯಾಕೆ ಎಂದು ಸಾಹೇಬರು ಕೇಳಲಿಲ್ಲ,
ಅಚ್ಚಾದ ನಮೂನೆಯಲ್ಲಿ ಆ ಪ್ರಶ್ನೆ ಇರಲಿಲ್ಲ.
ಕೇಳಿದ್ದರೆ,
ಜಮೀನ್ದಾರರ ಬಂಗಲೆಯಲ್ಲಿ ಶ್ರುತಿಗಾರನಿಗೆ
ದೀಪ ಹಿಡಿಯುತ್ತಿದ್ದ ಅವಳ ಮಗಳು ಇಂಗೆಲ್ ಹೆಸರನ್ನು
ಯಾರಾದರೂ ಹೇಳಲೇಬೇಕಾಗುತ್ತಿತ್ತು.
ಊರಿಗೆ ಊರೇ ಬಾಯಲ್ಲಿ ನೀರು ತುಂಬಿಕೊಂಡು ಕೂತಿತ್ತು.

ರೀಸ್ತೆ ಬಂದಳು. ಕೈಗವಸು ಬಿಚ್ಚಲಿಲ್ಲ.
ಅವಳು ದ್ವೀಪದ ಮಾತಿನಲ್ಲಿ ಹೇಳುವುದು,
ನಾನು ರಷ್ಯನ್ನಿಗೆ ಇಳಿಸುವುದು.
ಅವತ್ತು ಒಲೆ ಹೊಗೆಯಾಡುತ್ತಿತ್ತು, ನನಗೆ ನೆಗಡಿ,
ಎಡಗಿವಿ ಕಟ್ಟಿತ್ತು.
ಬಾಗಿಲಿಗೆ ಬಂದ, ಅಂದಳು. ಬಾಯಾರಿದ್ದ, ಅಂದಳು.
ಆಮೇಲೆ ಅಂದದ್ದು
ನೀರು ಕೊಟ್ಟೆ ಅಂತಲೋ
ನೀರಿಗೆ ಕೊಟ್ಟೆ ಅಂತಲೋ.
ಅವಳ ಭಾಷೆಯಲ್ಲೂ ಎರಡರ ನಡುವೆ ಇರುವುದು ಅರ್ಧ ಉಸಿರು.
ಇನ್ನೊಮ್ಮೆ ಹೇಳಜ್ಜಿ ಅನ್ನಬಹುದಿತ್ತು.
ಲೇಖನಿ ಆಗಲೇ ಶಾಯಿಯಲ್ಲಿ ಅದ್ದಿತ್ತು.
ಚಿಕ್ಕದನ್ನು ಬರೆದೆ.

ಕೊಡ ಎತ್ತಿದರೆ ಏದುಸಿರು ಬಿಡುವ ಮುದುಕಿ
ನಾಲ್ಕಾಳು ಹೊರುವ ಓಕ್ ಮೇಜನ್ನು
ಹೆಜ್ಜೆ ಮೂಡದಂತೆ ಹೊತ್ತಳೇ?
ಸಾರು ಉಂಡವರು ಯಾರು?
ಕುರ್ಚಿಯ ಬೆನ್ನಿಗೆ ಚರ್ಚಿನ ಮುದ್ರೆ ಇತ್ತು;
ನಮ್ಮದೊಂದೂ ಕಳೆದಿಲ್ಲ ಎಂದು ಪಾದ್ರಿಗಳು ಪ್ರಮಾಣ ಮಾಡಿದರು.
ಎಣಿಸಿದೆವು. ಕಳೆದಿರಲಿಲ್ಲ.

ಸಾಕ್ಷ್ಯ ಅಲುಗಿಸಬಾರದೆಂದು ರೇವಲ್ಲಿನಿಂದ ಆಜ್ಞೆ.
ಹತ್ತೊಂಬತ್ತರ ರಾತ್ರಿ ಸಮುದ್ರ ಬಿರಿಯಿತು,
ಬೆಳತನಕ ತೋಪಿನ ಸದ್ದು.
ದಡದಲ್ಲಿ ನಿಂತು ನೋಡಿದೆವು: ಒಂದು ತುಂಡು ಮಂಜು,
ಅದರ ಮೇಲೆ ಮೇಜು, ಪಡುವಣಕ್ಕೆ ತೇಲುತ್ತ,
ಇಲಾಖೆ ನಡುನೀರಿನಲ್ಲಿ ಕೈಬಿಟ್ಟ ಮೇಜು.
ಗುಂಪಿನ ಹಿಂದೆ ರೀಸ್ತೆ, ಬರಿಗೈಯಲ್ಲಿ.

ಈಗ ನನಗೆ ಎಪ್ಪತ್ತೆರಡು.
ರಾತ್ರಿ ಬಾಯಾರಿದಾಗ ಮೊಮ್ಮಗಳನ್ನು ಕೂಗಿ
ನೀರು ಕೊಡು ಅನ್ನುತ್ತೇನೆ,
ಅಕ್ಷರ ಅಕ್ಷರ ಬಿಡಿಸಿ,
ಅವಳಿಗೆ ಕಿವುಡು ಎಂದುಕೊಳ್ಳಬೇಕು ಕೇಳಿದವರು.